ದುಡಿಯುವ ತಲೆಗೊಂದು ಉಣ್ಣೆ ಟೊಪ್ಪಿ: ಸುತ್ತು ಹೆಣಿಗೆಯ ಪಾಠ



ಬೋರ್ಡೋ ದ್ರಾವಣ, ಕಾಂಡಕೊರಕ, ಬೇರುಹುಳು ಎಂದು ತಿಂಗಳು ತಿಂಗಳೂ ಪಾಠ ಹೇಳುವ ಈ ಪುಟಗಳಲ್ಲಿ ಟೊಪ್ಪಿ ಹೆಣೆಯುವ ಪಾಠ ಏಕೆ ಬಂತೆಂದು ಕೆಲವರು ಕೇಳಬಹುದು. ನಮ್ಮ ಕೊಯ್ಲಿನ ಹಂಗಾಮೂ ಚಳಿಯ ಹಂಗಾಮೂ ಒಂದೇ ಆಗಿರುವುದೇ ಕಾರಣ. ದೀಪಾವಳಿಯ ಹೊತ್ತಿಗೆ ಅಡಿಕೆ ಕೊನೆ ಇಳಿಯತೊಡಗುತ್ತದೆ. ಅದರ ಬೆನ್ನಿಗೇ ಅರೇಬಿಕಾ ಹಣ್ಣಾಗುತ್ತದೆ. ರೊಬಸ್ಟಾ ಕೊಯ್ದು ಒಣಗಿಸುವಷ್ಟರಲ್ಲಿ ಶಿವರಾತ್ರಿ ಬಂದು, ಚಳಿಯೂ ಶಿವಶಿವಾ ಎಂದು ಹೊರಟಿರುತ್ತದೆ. ಈ ನಡುವಿನ ಮೂರು ನಾಲ್ಕು ತಿಂಗಳು, ಇಬ್ಬನಿ ಆರುವ ಮೊದಲೇ ಮರ ಹತ್ತುವ ಕೊನೆಗಾರ, ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂರುವವನು, ಕಾಫಿ ಕಣದಲ್ಲಿ ಬೆಳಗಿನ ತನಕ ಕಾವಲಿರುವವನು, ಈ ಮೂವರ ತಲೆಯ ಮೇಲೆ ಏನಿದೆ ಎಂದು ನಾವು ಗಮನವಿಟ್ಟು ನೋಡಿದ್ದು ಕಡಿಮೆ.

ಮಳೆಗೆ ನಮ್ಮ ಹಿರಿಯರು ಕಂಬಳಿ ಕೊಪ್ಪೆಯನ್ನೂ ಗೊರಬನ್ನೂ ಕಂಡುಕೊಂಡಿದ್ದರು. ಹೊರೆ ಹೊರುವುದಕ್ಕೆ ಹಾಳೆ ಟೊಪ್ಪಿ ಇತ್ತು. ಚಳಿಗೆ ಮಾತ್ರ ತಲೆಗೆ ಸುತ್ತಿದ ಒಂದು ಟವೆಲ್ಲು. ಈಗ ಆ ಜಾಗಕ್ಕೆ ಸಂತೆಯಲ್ಲಿ ಸಿಗುವ ಬಣ್ಣಬಣ್ಣದ ಟೊಪ್ಪಿ ಬಂದಿದೆ. ಬೆಲೆ ಅಗ್ಗ, ಬೆಚ್ಚಗೂ ಇರುತ್ತದೆ. ಆದರೆ ದುಡಿಯುವವನ ಮಟ್ಟಿಗೆ ಅದರಲ್ಲಿ ಎರಡು ಕೊರತೆಗಳುಂಟು; ಎರಡೂ ಸಣ್ಣವಲ್ಲ.

ಒಂದು, ಅಳತೆ. ನಲವತ್ತು ಐವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವ ಕೊನೆಗಾರನ ಟೊಪ್ಪಿ ಕಣ್ಣಿನ ಮೇಲೆ ಜಾರಿದರೆ ಅದನ್ನು ಸರಿಪಡಿಸಿಕೊಳ್ಳಲು ಅವನಿಗೆ ಬಿಡುವಿನ ಕೈ ಇಲ್ಲ. ಸಡಿಲವಾದದ್ದು ಜಾರುತ್ತದೆ, ಬಿಗಿಯಾದದ್ದನ್ನು ಅವನು ಅರ್ಧ ಗಂಟೆಯಲ್ಲಿ ಕಿತ್ತು ಸೊಂಟಕ್ಕೆ ಸಿಕ್ಕಿಸುತ್ತಾನೆ.

ಎರಡು, ನೂಲು. ಸಂತೆಯ ಟೊಪ್ಪಿಗಳಲ್ಲಿ ಹೆಚ್ಚಿನವು ಅಕ್ರಿಲಿಕ್ಕಿನವು. ಅಕ್ರಿಲಿಕ್ ಪೆಟ್ರೋಲಿಯಂ ಮೂಲದ ನೂಲು. ಬೆಂಕಿ ತಾಗಿದರೆ ಭರ್ರನೆ ಉರಿದು, ಕರಗಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕುರಿಯ ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಕಿಡಿ ಬಿದ್ದ ಜಾಗ ಸುಟ್ಟು ಕಪ್ಪಾಗುತ್ತದೆ, ಬೆಂಕಿ ಸರಿಸಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ, ಕರಗಿ ಅಂಟುವುದಿಲ್ಲ. ಹಿಂದಿನ ಒಂದು ಹಂಗಾಮಿನಲ್ಲಿ ನಮ್ಮ ಆಸುಪಾಸಿನ ತೋಟವೊಂದರಲ್ಲಿ ಹಂಡೆಯ ಒಲೆಗೆ ಕೊರಡು ದೂಡುತ್ತಿದ್ದವನ ಟೊಪ್ಪಿಗೆ ಕಿಡಿ ಹಾರಿತು. ಅವನು ತಕ್ಷಣ ಕಿತ್ತೆಸೆದನಾದರೂ ಕರಗಿದ ನೂಲು ಕಿವಿಯ ಮೇಲ್ಭಾಗಕ್ಕೆ ಅಂಟಿ, ಆ ಗಾಯ ಮಾಯಲು ತಿಂಗಳು ಹಿಡಿಯಿತು. ಕಾಫಿ ಕಣದ ಕಾವಲುಗಾರನೂ ಬೆಂಕಿ ಹಾಕಿಕೊಂಡೇ ರಾತ್ರಿ ಕಳೆಯುವುದು ಎಂಬುದನ್ನು ಇಲ್ಲಿ ನೆನಪಿಡಬೇಕು.

ಹೀಗಾಗಿ ನಮಗೆ ಬೇಕಾದದ್ದು ಯಾವ ತಲೆಗೂ ಹಿಡಿದು ಕೂರುವ, ಕುರಿಯ ಉಣ್ಣೆಯ ಟೊಪ್ಪಿ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಟೊಪ್ಪಿಗೆ ಸುಮಾರು ಏಳೂವರೆ ಸಾವಿರ ಕುಣಿಕೆ. ಹೊಸಬರು ನಿಮಿಷಕ್ಕೆ ಇಪ್ಪತ್ತು ಕುಣಿಕೆ ಹಾಕಿದರೂ ಆರು ಗಂಟೆಯ ಕೆಲಸ. ದಿನಕ್ಕೊಂದು ಗಂಟೆಯಂತೆ ವಾರದೊಳಗೆ ಮುಗಿಯುತ್ತದೆ.

ಗಂಡಸು ಹೆಣಿಗೆ ಕಡ್ಡಿ ಹಿಡಿಯುವುದೇ ಎಂದು ನಗುವವರಿಗೆ ಒಂದು ಮಾತು. ಪೆರು ದೇಶದ ಟಿಟಿಕಾಕಾ ಸರೋವರ ಸಮುದ್ರಮಟ್ಟದಿಂದ ಸುಮಾರು 12,500 ಅಡಿ ಎತ್ತರದಲ್ಲಿದೆ. ಅಲ್ಲಿನ ಟಕೀಲೆ ಎಂಬ ದ್ವೀಪದಲ್ಲಿ ಟೊಪ್ಪಿ ಹೆಣೆಯುವುದು ಗಂಡಸರ ಕೆಲಸ. ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಆ ದ್ವೀಪದ ನೂಲಿನ ಕಲೆಯನ್ನು 2005ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯೆಂದು ಘೋಷಿಸಿತು. ಮಳೆಗಾಲದ ಸಂಜೆ ಕರೆಂಟು ಹೋದ ಮೇಲೆ ಇಸ್ಪೀಟಿಗೆ ಕೂರುವ ಕೈಗಳಿಗೆ ಇದೇನೂ ಕಷ್ಟದ ವಿದ್ಯೆಯಲ್ಲ.

ಸುತ್ತಾಗಿ ಏಕೆ, ಗೀರಾಗಿ ಏಕೆ

ನಮ್ಮ ಮನೆಗಳಲ್ಲಿ ಸ್ವೆಟರ್ ಹೆಣೆಯುವ ಹೆಂಗಸರು ಸಾಮಾನ್ಯವಾಗಿ ಎರಡು ಕಡ್ಡಿಗಳಲ್ಲಿ ಹಾಳೆಯಂತೆ ಹೆಣೆದು ಕೊನೆಗೆ ಅಂಚುಗಳನ್ನು ಕೂಡಿಸಿ ಹೊಲಿಯುತ್ತಾರೆ. ಟೊಪ್ಪಿಯನ್ನೂ ಹಾಗೆ ಮಾಡಬಹುದು. ಆದರೆ ಹೊಲಿಗೆಯ ಆ ಏಣು ತಲೆಯ ಹಿಂಬದಿಗೆ ಬಂದು, ಸಿಂಬೆ ಇಟ್ಟು ಹೊರೆ ಹೊತ್ತಾಗ ಒತ್ತುತ್ತದೆ. ಮೊದಲು ಬಿಚ್ಚಿಕೊಳ್ಳುವ ಜಾಗವೂ ಅದೇ. ನಾಲ್ಕು ಕಡ್ಡಿಗಳಲ್ಲಿ ಕೊಳವೆಯಂತೆ ಸುತ್ತ ಹೆಣೆದರೆ ಹೊಲಿಗೆಯೇ ಇಲ್ಲ. ಇನ್ನೊಂದು ಅನುಕೂಲವೆಂದರೆ ಹೆಣಿಗೆಯ ಮುಂಭಾಗವೇ ಯಾವಾಗಲೂ ನಮ್ಮ ಕಣ್ಣೆದುರಿಗಿರುತ್ತದೆ. ಸಾಲು ಮುಗಿದಾಗ ಮಗುಚುವ ಕೆಲಸವಿಲ್ಲ.

ಇನ್ನು ಗೀರು, ಅಂದರೆ ರಿಬ್. ಹೆಣಿಗೆಯಲ್ಲಿ ಇರುವುದು ಎರಡೇ ಬಗೆಯ ಕುಣಿಕೆ. ನಮ್ಮ ಹೆಂಗಸರು ಸೀದಾ, ಉಲ್ಟಾ ಎನ್ನುತ್ತಾರೆ. ಸೀದಾ ಕುಣಿಕೆ ಎದುರಿಗೆ ಜಡೆಯ ಎಳೆಯಂತೆ ಕಾಣುತ್ತದೆ. ಉಲ್ಟಾ ಕುಣಿಕೆ ಎದುರಿಗೆ ಸಣ್ಣ ಮಣಿಯಂತೆ ಉಬ್ಬುತ್ತದೆ. ವಾಸ್ತವವಾಗಿ ಎರಡೂ ಒಂದೇ. ಒಂದರ ಬೆನ್ನೇ ಇನ್ನೊಂದು. ಬರೀ ಸೀದಾ ಹೆಣೆದರೆ ಬಟ್ಟೆಯ ಅಂಚು ಒಣಗಿದ ಹಾಳೆಯ ಹಾಗೆ ಸುರುಳಿಗಟ್ಟುತ್ತದೆ. ಬಗ್ಗಿಸಿದ ನೂಲು ನೇರವಾಗಲು ಎಳೆಯುತ್ತಿರುತ್ತದೆ. ಎಲ್ಲ ಕುಣಿಕೆಗಳೂ ಒಂದೇ ಕಡೆಗೆ ಎಳೆದರೆ ಬಟ್ಟೆ ಮಡಚಿಕೊಳ್ಳದೆ ಇನ್ನೇನು ಮಾಡೀತು. ಎರಡು ಸೀದಾ, ಎರಡು ಉಲ್ಟಾ ಎಂದು ಸರದಿ ಹಾಕಿದರೆ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ಸೀದಾ ಸಾಲುಗಳು ಮುಂದೆ ಬಂದು, ಉಲ್ಟಾ ಸಾಲುಗಳು ಹಿಂದೆ ಸರಿದು, ಬಟ್ಟೆ ಹಾರ್ಮೋನಿಯಂ ತಿದಿಯ ಹಾಗೆ ನೆರಿಗೆಯಾಗುತ್ತದೆ. ಸುಮ್ಮನಿಟ್ಟಾಗ 15 ಅಂಗುಲ ಸುತ್ತಳತೆ ಕಾಣುವ ಟೊಪ್ಪಿ 22 ಅಂಗುಲದ ತಲೆಗೂ ಹಿಗ್ಗಿ ಹಿಡಿದುಕೊಳ್ಳುವುದು ಹೀಗೆ. ಕೊನೆಗಾರನಿಗೆ ಬೇಕಾದ ಹಿಡಿತ ಇದೇ.

ನೂಲು ಮತ್ತು ಕಡ್ಡಿ

ಅಂಗಡಿಯಲ್ಲಿ ಉಲ್ಲನ್ ಕೊಡಿ ಎಂದರೆ ಸಾಲದು. ಉಲ್ಲನ್ ಎಂಬ ಹೆಸರಿನಲ್ಲಿ ಅಕ್ರಿಲಿಕ್ಕೂ ಧಾರಾಳವಾಗಿ ಮಾರಾಟವಾಗುತ್ತದೆ. ಉಂಡೆಗೆ ಸುತ್ತಿದ ಚೀಟಿಯಲ್ಲಿ ಶೇಕಡಾ 100 ಉಣ್ಣೆ ಎಂದಿದೆಯೇ ಓದಿ ನೋಡಿ. 1964ರಲ್ಲಿ ಬಳಕೆಗೆ ಬಂದ ವುಲ್‌ಮಾರ್ಕ್ ಎಂಬ ಉಂಡೆಯಾಕಾರದ ಗುರುತಿದ್ದರೆ ಒಳ್ಳೆಯದು. ಸಂದೇಹವಿದ್ದರೆ ಒಂದು ಗೇಣು ನೂಲನ್ನು ಇಕ್ಕಳದಲ್ಲಿ ಹಿಡಿದು, ಅಂಗಳದಲ್ಲಿ ಕಡ್ಡಿ ಗೀರಿ ಪರೀಕ್ಷಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ಕಾದರೆ ಕಪ್ಪು ಹೊಗೆ ಕಾರುತ್ತಾ ಉರಿದು ಗಟ್ಟಿ ಗುಂಡಾಗಿ ಉಳಿಯುತ್ತದೆ; ಆ ಗುಂಡು ಪುಡಿಯಾಗುವುದಿಲ್ಲ. ಉರಿಯುವಾಗ ಹನಿ ಕೆಳಗೆ ಬೀಳುವುದುಂಟು, ಕಾಲು ಜೋಪಾನ.

ನಮ್ಮ ಬಯಲುಸೀಮೆಯ ಕುರಿಯ ಉಣ್ಣೆ ಇದಕ್ಕೆ ಆಗದೇ ಎಂದು ಕೇಳಬಹುದು. ದಖ್ಖನಿ ಮತ್ತು ಬಳ್ಳಾರಿ ತಳಿಗಳ ಉಣ್ಣೆ ಒರಟು. ಕಂಬಳಿಗೆ ಅದಕ್ಕಿಂತ ಯೋಗ್ಯವಾದದ್ದಿಲ್ಲ, ಆದರೆ ಹಣೆಗೂ ಕಿವಿಗೂ ಚುಚ್ಚುತ್ತದೆ. ಹೆಣಿಗೆಗೆ ಮೆರಿನೋ ಜಾತಿಯ ಮೃದು ಉಣ್ಣೆ ಬೇಕು. ಬೆಲೆ ಅಕ್ರಿಲಿಕ್ಕಿಗಿಂತ ಹೆಚ್ಚು ಎಂಬುದು ನಿಜ. ಒಂದು ಟೊಪ್ಪಿಗೆ 100 ಗ್ರಾಂ ತಂದರೆ ಸ್ವಲ್ಪ ಮಿಗುತ್ತದೆ. ಜೋಪಾನ ಮಾಡಿದರೆ ಹಲವು ಹಂಗಾಮು ಬಾಳುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ. ನಮ್ಮ ಮಂಜಿನ ಬೆಳಗುಗಳಿಗೆ ಇದು ದೊಡ್ಡ ಗುಣ. ಇಂಗ್ಲೆಂಡಿನಲ್ಲಿ 1571ರಲ್ಲಿ ಆರು ವರ್ಷ ಮೀರಿದವರೆಲ್ಲ, ಮೇಲ್ವರ್ಗದ ಕೆಲವರನ್ನು ಬಿಟ್ಟು, ಭಾನುವಾರ ಮತ್ತು ಹಬ್ಬದ ದಿನ ಉಣ್ಣೆಯ ಟೊಪ್ಪಿ ಹಾಕಲೇಬೇಕೆಂದು ಕಾನೂನನ್ನೇ ಮಾಡಿದ್ದರು. ಟೊಪ್ಪಿ ಹೆಣೆಯುವವರ ಹೊಟ್ಟೆಪಾಡಿಗಾಗಿ ಮಾಡಿದ ಕಾನೂನು. ಜನ ಅಷ್ಟಾಗಿ ಪಾಲಿಸಲಿಲ್ಲ, 1597ರಲ್ಲಿ ರದ್ದಾಯಿತು. ಕಾನೂನಿನಿಂದ ಟೊಪ್ಪಿ ತೊಡಿಸಲಾಗದು ಎಂಬುದು ಹೆಲ್ಮೆಟ್ಟಿನ ವಿಷಯದಲ್ಲಿ ನಮಗೂ ಗೊತ್ತಿದೆ.

ನೂಲಿನ ದಪ್ಪ ಡಬಲ್ ನಿಟಿಂಗ್ ಎಂಬ ಅಳತೆಯದಿರಲಿ. ಎರಡೂ ತುದಿ ಚೂಪಾಗಿರುವ, ಕಾಲುಚೀಲ ಹೆಣೆಯುವ ನಾಲ್ಕು ಕಡ್ಡಿಗಳ ಕಟ್ಟು ಬೇಕು. ದಪ್ಪ 4 ಮಿಲಿಮೀಟರು. ಹಳೆಯ ಲೆಕ್ಕದಲ್ಲಿ 8ನೇ ನಂಬರು. ಮೊದಲು ಒಂದು ತುಣುಕು ಹೆಣೆದು ಅಳೆದು ನೋಡತಕ್ಕದ್ದು. ಬರೀ ಸೀದಾ ಮುಖದಲ್ಲಿ 4 ಅಂಗುಲಕ್ಕೆ 22 ಕುಣಿಕೆ ಬಂದರೆ ಸರಿ. ಹೆಚ್ಚು ಬಂದರೆ ನಿಮ್ಮ ಕೈ ಬಿಗಿ, ಒಂದು ನಂಬರು ದಪ್ಪ ಕಡ್ಡಿ ಹಿಡಿಯಿರಿ. ಕಡಿಮೆಯಾದರೆ ಸಪೂರ ಕಡ್ಡಿ.

ಬೇರೆ ದಪ್ಪದ ನೂಲೇ ಸಿಕ್ಕಿದರೂ ಚಿಂತೆಯಿಲ್ಲ, ಲೆಕ್ಕ ಸುಲಭ. ಅಂಗುಲಕ್ಕೆ ಬರುವ ಕುಣಿಕೆಯನ್ನು ತಲೆಯ ಸುತ್ತಳತೆಯಿಂದ ಗುಣಿಸಿ, ಬಂದದ್ದರಲ್ಲಿ ಹತ್ತನೆಯ ಒಂದು ಪಾಲು ಕಳೆದು, ನಾಲ್ಕರಿಂದ ಭಾಗವಾಗುವ ಮುಂದಿನ ಸಂಖ್ಯೆಗೆ ಏರಿಸಿ. ನಮ್ಮ ಅಳತೆಗೆ ಐದೂವರೆ ಗುಣಿಸು 22, ಅಂದರೆ 121, ಕಳೆದರೆ 109, ನಾಲ್ಕರ ಲೆಕ್ಕಕ್ಕೆ ಏರಿಸಿದರೆ 112. ಪಾಠವನ್ನು ಈ 112ಕ್ಕೇ ಬರೆದಿದ್ದೇನೆ.

ಪಾಠ

ಕುಣಿಕೆ ಏರಿಸುವಾಗ ನೂಲಿನ ತುದಿಯಿಂದ ಒಂದೂಮುಕ್ಕಾಲು ಮೀಟರಿನಷ್ಟು ಬಿಟ್ಟು ಮೊದಲ ಸರಗಂಟು ಹಾಕಿ. ಎಡಗೈಯ ಹೆಬ್ಬೆರಳಿಗೆ ಈ ಬಾಲದ ನೂಲು, ತೋರುಬೆರಳಿಗೆ ಉಂಡೆಯ ನೂಲು. ಕಡ್ಡಿಯನ್ನು ಹೆಬ್ಬೆರಳ ಉರುಳಿನೊಳಗೆ ಕೆಳಗಿನಿಂದ ತೂರಿಸಿ, ತೋರುಬೆರಳ ನೂಲನ್ನು ಎಳೆದುಕೊಂಡು ಅದೇ ಉರುಳಿನಿಂದ ಹೊರಬಂದು, ಹೆಬ್ಬೆರಳು ಬಿಟ್ಟು ಮೆಲ್ಲಗೆ ಬಿಗಿಯಿರಿ. ಒಂದು ಕುಣಿಕೆಯಾಯಿತು. ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು ಅವುಗಳ ಮೇಲೆ ಏರಿಸಿ, ಆಮೇಲೆ ಒಂದನ್ನು ಎಳೆದುಬಿಟ್ಟರೆ ಅಂಚು ಸಡಿಲವಾಗಿರುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಅಂಚು ಬಿಗಿಯಾದರೆ ಮೇಲೆ ಎಷ್ಟೇ ಹಿಗ್ಗುವ ಗೀರು ಹೆಣೆದರೂ ಟೊಪ್ಪಿ ತಲೆಗಿಳಿಯದು.

112 ಕುಣಿಕೆಗಳನ್ನು ಮೂರು ಕಡ್ಡಿಗಳಿಗೆ 36, 36, 40 ಎಂದು ಹಂಚಿ ತ್ರಿಕೋನವಾಗಿ ಮೇಜಿನ ಮೇಲಿಡಿ. ಈಗ ಆತುರ ಬೇಡ. ಕುಣಿಕೆಗಳ ಕೆಳಅಂಚು ಉದ್ದಕ್ಕೂ ಒಳಮುಖವಾಗಿರಬೇಕು, ಎಲ್ಲಿಯೂ ಕಡ್ಡಿಗೆ ಸುತ್ತಿಕೊಂಡಿರಬಾರದು. ಒಂದೇ ಒಂದು ಕಡೆ ತಿರುಚಿದ್ದರೂ ಕೂಡಿಸಿದ ಮೇಲೆ ಆ ತಿರುಚು ಟೊಪ್ಪಿಯಲ್ಲಿ ಶಾಶ್ವತ. ನಾಲ್ಕು ಅಂಗುಲ ಹೆಣೆದ ಮೇಲೆ ಕಂಡರೆ ಪೂರಾ ಬಿಚ್ಚುವುದೊಂದೇ ದಾರಿ. ಸರಿಯಿದೆಯೆಂದು ಖಚಿತವಾದ ಮೇಲೆ ಉಂಡೆಯ ನೂಲಿರುವ ಕಡ್ಡಿ ಬಲಗಡೆಗೆ, ಮೊದಲ ಕುಣಿಕೆಯ ಕಡ್ಡಿ ಎಡಗಡೆಗೆ ಬರುವಂತೆ ಹಿಡಿದು, ನಾಲ್ಕನೆಯ ಕಡ್ಡಿಯಿಂದ ಮೊದಲ ಕುಣಿಕೆ ಹೆಣೆಯಿರಿ. ಅಲ್ಲಿಗೆ ಸುತ್ತು ಕೂಡಿತು. ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಯಲು ಬೇರೆ ಬಣ್ಣದ ನೂಲಿನ ಸಣ್ಣ ಉಂಗುರವೊಂದನ್ನು ಮೊದಲ ಎರಡು ಕುಣಿಕೆಗಳ ನಡುವೆ ಕಡ್ಡಿಗೆ ಹಾಕಿರಿ.

ಸೀದಾ ಕುಣಿಕೆಗೆ ನೂಲು ಹೆಣಿಗೆಯ ಹಿಂದಿರಬೇಕು. ಬಲಗಡ್ಡಿಯನ್ನು ಎಡಗಡ್ಡಿಯ ಮೊದಲ ಕುಣಿಕೆಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ನೂಲು ಸುತ್ತಿ, ಆ ಸುತ್ತನ್ನು ಮುಂದಕ್ಕೆ ಎಳೆದುಕೊಂಡು ಹಳೆಯ ಕುಣಿಕೆಯನ್ನು ಕಡ್ಡಿಯಿಂದ ಬಿಡಿ. ಉಲ್ಟಾ ಕುಣಿಕೆಗೆ ನೂಲು ಮುಂದಿರಬೇಕು. ಕಡ್ಡಿ ಬಲದಿಂದ ಎಡಕ್ಕೆ ಕುಣಿಕೆಯ ಮುಂಭಾಗದಲ್ಲಿ ಹೊಗಬೇಕು, ನೂಲಿನ ಸುತ್ತು ಹಿಂದಕ್ಕೆ ಹೋಗಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನೂಲನ್ನು ಎರಡು ಕಡ್ಡಿಗಳ ನಡುವಿನಿಂದಲೇ ದಾಟಿಸಿ. ಕಡ್ಡಿಯ ಮೇಲಿಂದ ದಾಟಿಸಿದರೆ ಅದೇ ಒಂದು ಹೊಸ ಕುಣಿಕೆಯಾಗಿ ಕೂತು, 112 ಇದ್ದದ್ದು ಸಂಜೆಯ ಹೊತ್ತಿಗೆ 120 ಆಗಿರುತ್ತದೆ. ಹೊಸಬರ ಹೆಣಿಗೆ ಮೇಲಕ್ಕೆ ಹೋದಂತೆ ಅಗಲವಾಗುವುದು ಇದೇ ಕಾರಣಕ್ಕೆ. ಎರಡು ಮೂರು ಸುತ್ತಿಗೊಮ್ಮೆ ಎಣಿಸುವುದು ಕ್ಷೇಮ.

ಎರಡು ಸೀದಾ, ಎರಡು ಉಲ್ಟಾ. ಹೀಗೇ ಸುತ್ತುತ್ತಾ ಹೋಗಿ. ನಾಲ್ಕೈದು ಸುತ್ತಾದ ಮೇಲೆ ಎಣಿಕೆಯೂ ಬೇಡ, ಹೆಣಿಗೆಯೇ ಹೇಳುತ್ತದೆ. ಜಡೆ ಕಂಡಲ್ಲಿ ಸೀದಾ, ಮಣಿ ಕಂಡಲ್ಲಿ ಉಲ್ಟಾ. ಕಡ್ಡಿಯಿಂದ ಕಡ್ಡಿಗೆ ದಾಟುವ ಜಾಗದಲ್ಲಿ ಏಣಿಯ ಮೆಟ್ಟಿಲಿನಂತೆ ಸಂದು ಬೀಳುವುದುಂಟು. ಹೊಸ ಕಡ್ಡಿಯ ಮೊದಲೆರಡು ಕುಣಿಕೆಗಳನ್ನು ತುಸು ಬಿಗಿದರೆ ಅದು ಮಾಯವಾಗುತ್ತದೆ. ಅಂಚಿನಿಂದ ಎಂಟೂವರೆ ಅಂಗುಲ ಎತ್ತರವಾಗುವವರೆಗೆ, ಅಂದರೆ 60 ಸುತ್ತಿನ ಆಚೀಚೆ, ಬೇರೇನೂ ಇಲ್ಲ. ರೇಡಿಯೋ ಕೇಳುತ್ತಾ ಮಾಡುವ ಕೆಲಸ.

ನೆತ್ತಿ ಮುಚ್ಚುವಾಗ ಮಾತ್ರ ರೇಡಿಯೋ ನಿಲ್ಲಿಸಿ. ಮೊದಲ ಇಳಿಕೆಯ ಸುತ್ತಿನಲ್ಲಿ ಎರಡು ಸೀದಾ ಎಂದಿನಂತೆ; ಎರಡು ಉಲ್ಟಾ ಕುಣಿಕೆಗಳನ್ನು ಒಟ್ಟಿಗೆ ಹಿಡಿದು ಒಂದೇ ಉಲ್ಟಾ ಮಾಡಿ. 112 ಹೋಗಿ 84 ಉಳಿಯುತ್ತದೆ. ಎರಡು ಸೀದಾ, ಒಂದು ಉಲ್ಟಾ ಎಂದು ಮೂರು ಸುತ್ತು ಹೆಣೆಯಿರಿ. ಮುಂದಿನ ಸುತ್ತಿನಲ್ಲಿ ಎರಡು ಸೀದಾ ಕುಣಿಕೆಗಳನ್ನು ಕೂಡಿಸಿ ಒಂದು ಮಾಡಿ, ಉಲ್ಟಾ ಹಾಗೆಯೇ ಬಿಡಿ; ಉಳಿಯುವುದು 56. ಒಂದು ಸೀದಾ, ಒಂದು ಉಲ್ಟಾ ಎಂದು ಎರಡು ಸುತ್ತು. ಆಮೇಲೆ ಸುತ್ತಿಡೀ ಎರಡೆರಡನ್ನು ಕೂಡಿಸಿ ಸೀದಾ ಹೆಣೆದರೆ 28. ಒಂದು ಸುತ್ತು ಬರೀ ಸೀದಾ. ಮತ್ತೊಮ್ಮೆ ಎರಡೆರಡು ಕೂಡಿಸಿದರೆ 14. ನೂಲನ್ನು ಒಂದು ಮೊಳ ಬಿಟ್ಟು ಕತ್ತರಿಸಿ, ದಬ್ಬಣಕ್ಕೆ ಪೋಣಿಸಿ, ಆ 14 ಕುಣಿಕೆಗಳೊಳಗೆ ಎರಡು ಸಲ ಹಾಯಿಸಿ ಚೀಲದ ಬಾಯಿ ಬಿಗಿದ ಹಾಗೆ ಎಳೆದು, ಒಳಮೈಯಲ್ಲಿ ಹೊಲಿದು ಮುಗಿಸಿ. ಅಂಚನ್ನು ಎರಡು ಅಂಗುಲ ಮಡಚಿದರೆ ಕಿವಿಯ ಮೇಲೆ ಎರಡು ಪದರ ಬರುತ್ತದೆ.

ನೆತ್ತಿಗೆ ಗೊಂಡೆ ಬೇಡ, ಕಿವಿಗೆ ದಾರವೂ ಬೇಡ. ಮಕ್ಕಳಿಗೆ ಚೆಂದ, ಮರ ಹತ್ತುವವನಿಗೂ ಪಲ್ಪರ್ ಯಂತ್ರದ ಬಳಿ ಬಗ್ಗುವವನಿಗೂ ಸಿಕ್ಕಿಕೊಳ್ಳುವ ವಸ್ತು ಅಪಾಯ. ಶಾಲೆಗೆ ಹೋಗುವ ಮಕ್ಕಳಿಗಾದರೆ 96 ಕುಣಿಕೆ, ಕಡ್ಡಿಗೆ 32ರಂತೆ, ಎತ್ತರ ಏಳು ಅಂಗುಲ. ಇಳಿಕೆ 72, 48, 24, 12 ಎಂದು ಬರುತ್ತದೆ. ತುರುಬು ಕಟ್ಟುವ ಹೆಂಗಸರಿಗೆ ಈ ಟೊಪ್ಪಿ ಸರಿಯಾಗಿ ಕೂರುವುದಿಲ್ಲ. ಅವರು ಕಟ್ಟುವ ವಸ್ತ್ರವೇ ಅವರಿಗೆ ಉತ್ತಮ, ಅದು ಹತ್ತಿಯದೋ ಉಣ್ಣೆಯದೋ ಇರಲಿ, ಒಲೆಯ ಮುಂದೆ ನೈಲಾನು ಬೇಡ.

ಮೈಯ ಶಾಖದಲ್ಲಿ ಅರ್ಧಕ್ಕರ್ಧ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಬಹಳ ಕಾಲ ಪ್ರಚಾರದಲ್ಲಿತ್ತು. ಅದು ಸರಿಯಲ್ಲ. ತಲೆ ಮೈಯ ಹತ್ತನೆಯ ಒಂದು ಪಾಲಿನಷ್ಟಿದೆ, ಅಲ್ಲಿಂದ ಹೋಗುವ ಶಾಖವೂ ಸರಿಸುಮಾರು ಅಷ್ಟೇ. ಹಾಗಾಗಿ ಟೊಪ್ಪಿ ಕೊಟ್ಟೆವೆಂದು ಕಾವಲುಗಾರನ ಕಂಬಳಿಯನ್ನು ಮರೆಯುವಂತಿಲ್ಲ. ಆದರೆ ಕಂಬಳಿ ಹೊದ್ದವನಿಗೆ ಗಾಳಿಗೆ ಒಡ್ಡಿಕೊಂಡು ಉಳಿಯುವುದು ತಲೆ ಮತ್ತು ಕಿವಿಯೇ.

ಒಬ್ಬರಿಗೊಂದು ಎಂದೇ ಕೊಡಬೇಕು. ಒಂದೇ ಟೊಪ್ಪಿ ಸರದಿಯ ಕಾವಲಿನಲ್ಲಿ ಮೂರು ತಲೆ ಸುತ್ತಿದರೆ ಹೇನೂ ಸುತ್ತುತ್ತದೆ. ಒಳಅಂಚಿಗೆ ಬೇರೆ ಬೇರೆ ಬಣ್ಣದ ನೂಲಿನ ಒಂದು ಹೊಲಿಗೆ ಹಾಕಿದರೆ ಯಾರದು ಯಾವುದೆಂಬ ಜಗಳವಿಲ್ಲ. ಒಗೆಯಲು ಅಂಟುವಾಳದ ನೊರೆಯೇ ಸಾಕು. ತಣ್ಣೀರಿನಲ್ಲಿ ನೆನೆಸಿ ಮೆಲ್ಲಗೆ ಅದುಮಬೇಕು. ಬಿಸಿನೀರಿನಲ್ಲಿ ಹಾಕಿ ಕಲ್ಲಿನ ಮೇಲೆ ಉಜ್ಜಿದರೆ ಉಣ್ಣೆ ಕುಗ್ಗಿ ಕಂಬಳಿಯ ತುಂಡಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಟವೆಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಹರಡಿ ಒಣಗಿಸಿ, ತೂಗುಹಾಕಿದರೆ ಜೋಲುತ್ತದೆ. ಶಿವರಾತ್ರಿ ಕಳೆದ ಮೇಲೆ ಕೊಳೆ ಇಲ್ಲದಂತೆ ಒಗೆದು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬೆವರಿನ ಕೊಳೆಯಿರುವ ಉಣ್ಣೆಗೇ ನುಸಿಯ ಮರಿಹುಳು ಮೊದಲು ಬಾಯಿ ಹಾಕುವುದು, ತೇವ ಉಳಿದರೆ ಆಷಾಢದಲ್ಲಿ ಬೂಷ್ಟು ಹಿಡಿಯುವುದು. ಶ್ರಾವಣದಲ್ಲಿ ಬಿಸಿಲು ಬಿದ್ದ ದಿನ ಒಮ್ಮೆ ತೆಗೆದು ಕೊಡವಿ ಮತ್ತೆ ಇಟ್ಟರಾಯಿತು.

ಈ ಅಳತೆಯ ಒಂದು ಟೊಪ್ಪಿಯನ್ನೂ, ಅರ್ಧ ಹೆಣೆದು ಕಡ್ಡಿಯಲ್ಲೇ ಬಿಟ್ಟಿರುವ ಇನ್ನೊಂದನ್ನೂ ಸಂಘದ ಕಛೇರಿಯಲ್ಲಿ ಇಡಲಾಗಿದೆ. ಗೊಬ್ಬರದ ಚೀಟಿಗೆ ಬಂದ ಸದಸ್ಯರು ಕೈಗೆತ್ತಿಕೊಂಡು ನಾಲ್ಕು ಕುಣಿಕೆ ಹಾಕಿ ನೋಡಬಹುದು. ಬಿಚ್ಚಿ ಹೋದರೆ ನಾನು ಮತ್ತೆ ಏರಿಸುತ್ತೇನೆ.

ಕಾರ್ಯದರ್ಶಿ